ನಡುವಿಗೆ ಹಚ್ಚಿದ ಅರಿಶಿನ

ಹೋದ ವಾರ ಹೂಸ್ಟನ್ನಿನಿಂದ ಒಂದು ರಟ್ಟಿನ ಡಬ್ಬಿ ಬಂತು. ಕಳಿಸಿದವಳು ನನ್ನ ಓರಗಿತ್ತಿ ಸುಧಕ್ಕ. ನಾವಿಬ್ಬರೂ ಹಬ್ಬಕ್ಕೊಮ್ಮೆ, ಅದೂ ಮೆಸೇಜಿನಲ್ಲಿ ಮಾತಾಡುವವರು. ಹಾಗಾಗಿ ಎರಡು ದಿನ ಅದನ್ನು ಗರಾಜಿನಲ್ಲೇ ಬಿಟ್ಟಿದ್ದೆ. ಮೂರನೆಯ ದಿನ ಕತ್ತರಿ ಹಾಕಿದೆ. ಮುಚ್ಚಳ ತೆರೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ಹಳೆಯ ಉಣ್ಣೆಯ ವಾಸನೆ, ಅದರ ಜೊತೆಗೆ ಮಂಡಿಗೆ ಹಚ್ಚುವ ಮುಲಾಮಿನ ವಾಸನೆ. ಒಳಗೆ ಮೂರು ಮಫ್ಲರು, ಮೇಲೊಂದು ಚೀಟಿ. ಮನೆ ಬದಲಾಯಿಸುತ್ತಿದ್ದೇವೆ, ಡ್ರೈ ಕ್ಲೀನಿಂಗಿಗೆ ಕೊಟ್ಟರೂ ಕಲೆ ಹೋಗಲಿಲ್ಲ, ಬೇಕಾದರೆ ಇಟ್ಟುಕೋ, ಬೇಡವಾದರೆ ಯಾರಿಗಾದರೂ ಕೊಡು ಎಂದು ಬರೆದಿದ್ದಳು.

ಹಳೆಯ ವಾಸನೆ ಮೂಗಿಗೆ ತಾಗಿದರೆ ಕಣ್ಣು ತುಂಬುತ್ತದೆ ಎಂದು ಬರೆಯುವವರನ್ನು ಓದಿದ್ದೇನೆ. ನನಗೆ ಬಂದದ್ದು ಸಿಟ್ಟು. ಮೂರೂ ಮಫ್ಲರನ್ನು ಊಟದ ಮೇಜಿನ ಮೇಲೆ ಉದ್ದಕ್ಕೆ ಹಾಸಿದೆ. ಮೂರರಲ್ಲೂ ಹೆಚ್ಚುಕಡಿಮೆ ನಡುಭಾಗದಲ್ಲಿ ಹೆಬ್ಬೆಟ್ಟಿನಷ್ಟು ಹಳದಿ ಕಲೆ. ಕಲೆ ಇದ್ದ ಜಾಗದಲ್ಲೆಲ್ಲ ಹೆಣಿಗೆ ಒಂದಿಷ್ಟು ಕಿರಿದಾಗಿದೆ, ಯಾರೋ ಸೊಂಟಕ್ಕೆ ಹಗ್ಗ ಬಿಗಿದ ಹಾಗೆ. ಆ ಬಿಗಿತ ಯಾರದೆಂದು ನನಗೆ ಗೊತ್ತು. ಈ ಭೂಮಿಯ ಮೇಲೆ ಅದು ಗೊತ್ತಿದ್ದ ಇನ್ನೊಬ್ಬರು ನಮ್ಮ ಅತ್ತೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ಅತ್ತೆಗೆ ಮೂವರು ಗಂಡುಮಕ್ಕಳು, ಮೂವರೂ ಟೆಕ್ಸಸ್ಸಿನವರೇ. ದೊಡ್ಡವರು ಮತ್ತು ಅವರ ಹೆಂಡತಿ ಸುಧಕ್ಕ ಹೂಸ್ಟನ್ನಿನಲ್ಲಿ. ನಡುವಿನವನು ಶ್ರೀಧರ, ನನ್ನ ಗಂಡ; ನಾವು ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್‌ನಲ್ಲಿ. ಕಿರಿಯವನು ಗಿರೀಶ ಆಸ್ಟಿನ್ನಿನಲ್ಲಿ. ಮಾವ ತೀರಿಕೊಂಡು ಅತ್ತೆ ಇಲ್ಲಿಗೇ ಬಂದ ಮೇಲೆ ಅಣ್ಣತಮ್ಮಂದಿರು ಕೂತು ಪಾಳಿ ಹಾಕಿದರು, ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ತಿಂಗಳು. ಪಾಳಿ ಹಾಕಿದ್ದು ಗಂಡಸರು, ನಡೆಸಿದ್ದು ನಾವು. ಜುಲೈನಿಂದ ದೀಪಾವಳಿಯವರೆಗೆ ನನ್ನ ಪಾಳಿ. ದೀಪಾವಳಿಗೆ ಎಲ್ಲರೂ ಆಸ್ಟಿನ್ನಿನಲ್ಲಿ ಸೇರುವುದು, ಅಲ್ಲಿಂದ ಸುಧಕ್ಕನ ಕಾರು ಅತ್ತೆಯನ್ನು ಹೂಸ್ಟನ್ನಿಗೆ ಕರೆದೊಯ್ಯುವುದು. ಆ ದಿನವನ್ನು ನಾನು ಜುಲೈ ಒಂದರಿಂದಲೇ ಎಣಿಸುತ್ತಿದ್ದೆ.

ಯಾಕೆ ಎಂದರೆ ಹೇಳುತ್ತೇನೆ. ನಾನು ಮೈಸೂರಿನವಳು, ಅವರು ಧಾರವಾಡದವರು. ಅದು ಮುಖ್ಯ ಕಾರಣವಲ್ಲ, ಆದರೂ ನನ್ನ ಸಾರಿನಿಂದ ಹಿಡಿದು ನನ್ನ ಮಾತಿನವರೆಗೆ ಎಲ್ಲವೂ ಅವರಿಗೆ ನೀರುನೀರು. ಅವರು ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕ್ರಾಫ್ಟ್ ಟೀಚರ್ ಆಗಿದ್ದವರು. ಹೊಲಿಗೆ, ಕಸೂತಿ, ಎಲ್ಲಕ್ಕಿಂತ ಹೆಚ್ಚಾಗಿ ಹೆಣಿಗೆ. ಮದುವೆಯಾದ ಹೊಸದರಲ್ಲಿ ಅವರನ್ನು ಮೆಚ್ಚಿಸಲೆಂದು ನಾನೊಂದು ಕಾಲುಚೀಲ ಹೆಣೆದು ಮುಂದಿಟ್ಟೆ. ಮನೆ ತುಂಬ ಜನ. ಅವರು ಅದರೊಳಗೆ ಎರಡು ಬೆರಳು ತೂರಿಸಿ ನೋಡಿ, ಇದು ಹೆಣಿಗಿ ಅಲ್ಲ, ತಂತಿ ಜಾಳಿಗಿ, ಇದರಾಗ ಇಲಿ ಹಿಡೀಬಹುದು ಎಂದು ಎಲ್ಲರನ್ನೂ ನಗಿಸಿದರು. ಆಮೇಲೆ ಎಳೆಯ ತುದಿ ಹಿಡಿದು ಸರ್ರನೆ ಬಿಚ್ಚಿ, ಉಂಡೆ ಸುತ್ತಿ ನನ್ನ ಮಡಿಲಿಗೆ ಹಾಕಿದರು. ಮೂವತ್ತು ವರ್ಷ ಹುಡುಗಿಯರಿಗೆ ಮಾಡಿದ್ದನ್ನೇ ನನಗೂ ಮಾಡಿದರು, ಅಷ್ಟೆ. ಆದರೆ ನಾನು ಅವರ ಕ್ಲಾಸಿನ ಹುಡುಗಿ ಆಗಿರಲಿಲ್ಲ.

ಅವತ್ತಿನಿಂದ ಅವರ ಎದುರಿಗೆ ಹೆಣಿಗೆಯ ಕಡ್ಡಿ ಮುಟ್ಟಲಿಲ್ಲ. ಅವರ ಬೆನ್ನ ಹಿಂದೆ ಕಲಿತೆ. ರಿಚರ್ಡ್‌ಸನ್ ಲೈಬ್ರರಿಯಲ್ಲಿ ಗುರುವಾರ ಮಧ್ಯಾಹ್ನ ಬಿಳಿ ಕೂದಲಿನ ಹೆಂಗಸರು ಹೆಣೆಯಲು ಸೇರುತ್ತಿದ್ದರು. ಎಷ್ಟೋ ವರ್ಷ ಅವರ ಜೊತೆ ಕೂತು ಕಾಲುಚೀಲ, ಟೋಪಿ, ಮಫ್ಲರು ಎಲ್ಲ ಹೆಣೆದು ಅಲ್ಲಿಯೇ ದಾನದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ರೀಧರನಿಗೂ ಇಲ್ಲ, ಅವನು ಕೇಳಿಯೂ ಇಲ್ಲ. ಕೈಯ ಬಿಗಿ ಮಾತ್ರ ಹೋಗಲಿಲ್ಲ. ಅಲ್ಲಿನ ಒಬ್ಬ ಅಜ್ಜಿ ನನ್ನ ಹೆಣಿಗೆ ಎಳೆದು ನೋಡಿ, ಯಾರ ಕತ್ತು ಹಿಸುಕುತ್ತಾ ಇದ್ದೀಯಮ್ಮ ಎಂದು ಕೇಳಿದ್ದಳು. ನಾನು ನಕ್ಕೆ. ಉತ್ತರ ನನ್ನ ಬಾಯಲ್ಲೇ ಇತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ಸೆಕೆ ಇಳಿಯಲೇ ಇಲ್ಲ. ಟೆಕ್ಸಸ್ಸಿನಲ್ಲಿ ಫಾಲ್, ಎಲೆ ಉದುರುವ ಕಾಲ, ಎನ್ನುವುದು ಮೊದಲು ಅಂಗಡಿಗೆ ಬರುತ್ತದೆ, ಆಕಾಶಕ್ಕೆ ಎರಡು ತಿಂಗಳು ತಡ. ಹೊರಗೆ ತೊಂಬತ್ತೇಳು ಡಿಗ್ರಿ ಫ್ಯಾರನ್‌ಹೀಟ್, ಅಂಗಡಿಯೊಳಗೆ ಪ್ಲಾಸ್ಟಿಕ್ ಕುಂಬಳಕಾಯಿ, ಬಟ್ಟೆಯಲ್ಲಿ ಮಾಡಿದ ಕೆಂಪೆಲೆಯ ತೋರಣ. ಅಂಥ ಬಿಸಿಲಿನಲ್ಲಿ ಅತ್ತೆ ನನ್ನನ್ನು ಉಣ್ಣೆ ತರಲು ಓಡಿಸಿದರು. ದೀಪಾವಳಿಗೆ ಏಳು ಜನಕ್ಕೂ ಮಫ್ಲರು ಮತ್ತು ಕಾಲುಚೀಲ ಕೊಡುವುದಾಗಿ ಮೂರೂ ಮನೆಗೆ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಮನೆಯಲ್ಲಿ ಎಸಿ ಹಾಕಿದರೆ ಚಳಿ, ಹಾಕದಿದ್ದರೆ ಉಣ್ಣೆ ಕೈಗೆ ಅಂಟುತ್ತದೆ ಎಂದು ತಕರಾರು. ನಾನು ಬೆಳಿಗ್ಗೆ ಒಂದು ಸ್ಕೂಲಿನ ಲೈಬ್ರರಿಯಲ್ಲಿ ಕೆಲಸ ಮುಗಿಸಿ ಒಂದು ಗಂಟೆಗೆ ಮನೆಗೆ ಬಂದರೆ, ಕಿಟಕಿಯ ಪಕ್ಕ ಶಾಲು ಹೊದ್ದು ಕೂತು ಹೆಣೆಯುತ್ತಿದ್ದರು. ನನ್ನ ಕಡೆ ನೇರವಾಗಿ ನೋಡುವುದನ್ನೂ ಬಿಟ್ಟಿದ್ದರು. ಮಾತಾಡುವಾಗ ಮುಖ ತಿರುಗಿಸಿ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಇಷ್ಟು ವರ್ಷ ಬಾಯಲ್ಲಿ ಮಾತ್ರ ಇದ್ದ ತಿರಸ್ಕಾರ ಈಗ ಕಣ್ಣಿಗೂ ಬಂತು ಎಂದುಕೊಂಡೆ.

ಮೊದಲು ಸಿಕ್ಕಿದ್ದು ಆ ಕಾಲುಚೀಲ. ಅವರು ಸ್ನಾನಕ್ಕೆ ಹೋದಾಗ ಕಿಟಕಿಯ ಬಳಿ ಕಸ ಗುಡಿಸುತ್ತಿದ್ದೆ. ಚೀಲದಿಂದ ಒಂದು ನೀಲಿ ಕೊಳವೆ ಜಾರಿ ಬಿತ್ತು, ಒಂದೂವರೆ ಅಡಿ ಉದ್ದ, ಹಿಮ್ಮಡಿಯೇ ಇಲ್ಲ. ಕಾಲುಚೀಲದಲ್ಲಿ ಕಷ್ಟದ ಕೆಲಸವೆಂದರೆ ಹಿಮ್ಮಡಿ ತಿರುಗಿಸುವುದು. ಅಲ್ಲಿ ಕುಣಿಕೆ ಎಣಿಸಬೇಕು, ಕಣ್ಣಿಟ್ಟು ನೋಡಬೇಕು. ಈ ಹೆಂಗಸು ಮಾತಾಡುತ್ತಾ, ಬೈಯುತ್ತಾ ಹಿಮ್ಮಡಿ ತಿರುಗಿಸುತ್ತಿದ್ದವರು. ಮರುದಿನ ಊಟಕ್ಕೆ ಕೂತಾಗ, ಈ ವರ್ಷ ಬರೇ ಮಫ್ಲರ್ ಸಾಕು, ಇಲ್ಲೆ ಕಾಲುಚೀಲ ಹಾಕ್ಕೊಳ್ಳೂವಂಥಾ ಥಂಡಿ ಎಲ್ಲ್ಯದ ಎಂದರು. ನನ್ನ ಮಗಳು ಅನಘಾಗೆ ಆಗ ಹನ್ನೆರಡು. ಅವಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಪಾತ್ರೆ ಎತ್ತಿಡುವಾಗ ನನ್ನ ಕಿವಿಯಲ್ಲಿ, ಅಜ್ಜಿ ಹೆಣೆಯುವಾಗ ಅದನ್ನು ನೋಡುವುದೇ ಇಲ್ಲ, ಅದರ ಪಕ್ಕಕ್ಕೆ ನೋಡುತ್ತಾರೆ ಎಂದಳು.

ಆಗ ಗೊತ್ತಾಯಿತು. ಅದು ತಿರಸ್ಕಾರ ಅಲ್ಲ. ಅವರಿಗೆ ನೋಟದ ನಡುಭಾಗ ಮಸುಕಾಗಿತ್ತು. ಸುತ್ತಲಿನದು ಕಾಣುತ್ತಿತ್ತು, ಎದುರಿನದು ಕಾಣುತ್ತಿರಲಿಲ್ಲ. ಅದಕ್ಕೇ ಗೋಡೆ ಬಾಗಿಲು ತಪ್ಪದೆ ನಡೆಯುತ್ತಿದ್ದರು, ಆದರೆ ತಟ್ಟೆಯಲ್ಲಿನ ಉಪ್ಪಿನಕಾಯಿಗೆ ಬೆರಳಿನಿಂದ ತಡಕಾಡುತ್ತಿದ್ದರು. ಅವರ ಮಫ್ಲರನ್ನು ಬೆಳಕಿಗೆ ಹಿಡಿದು ನೋಡಿದೆ. ನಡುನಡುವೆ ಕುಣಿಕೆ ಜಾರಿ ಏಣಿಯ ಹಾಗೆ ಕೆಳಗಿನವರೆಗೆ ಬಿಟ್ಟುಕೊಂಡಿತ್ತು. ಸೀದಾ ಹೆಣೆಯಬೇಕಾದಲ್ಲಿ ಉಲ್ಟಾ. ಅಂಚಿನಲ್ಲಿ ನಲವತ್ತು ಕುಣಿಕೆ ಇರಬೇಕಾದಲ್ಲಿ ಮೂವತ್ತಾರು.

ಒಂದು ಸಲ ಕೇಳಿದೆ. ನಾನು ಕೇಳಲೇ ಇಲ್ಲ ಎಂದು ಯಾರೂ ಹೇಳಬಾರದು. ಅತ್ತೆ, ಒಮ್ಮೆ ಕಣ್ಣು ತೋರಿಸಿಕೊಂಡು ಬರೋಣವಾ ಎಂದೆ. ಕಡ್ಡಿ ನಿಲ್ಲಿಸದೆ, ನನ್ನ ಕಣ್ಣು ನಿನಗಿಂತ ಛಲೋ ಅವ, ನೀ ಮೊದಲು ಸಾರಿನಾಗ ಉಪ್ಪು ನೋಡಿ ಹಾಕು ಎಂದರು. ಎರಡನೆಯ ಸಲ ನಾನು ಕೇಳಲಿಲ್ಲ. ಕೇಳಬೇಕಿತ್ತು. ಕೇಳದೆ ಇರಲು ಒಂದು ಕಾರಣವೂ ಅದೇ ವಾರ ಸಿಕ್ಕಿತು.

ಸುಧಕ್ಕ ಫೋನ್ ಮಾಡಿದಳು. ಅವಳು ಅತ್ತೆಯ ಅಣ್ಣನ ಮಗಳು, ಸೋದರ ಸೊಸೆ. ಅವಳ ಸಾರು ನೀರಾಗಿದ್ದರೂ ಅದು ಸಾರೇ. ಹೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬಲ್ಲಿನ ಒಂದು ಆಯಿಲ್ ಕಂಪನಿಯಲ್ಲಿ ಅವಳಿಗೆ ಆಗಷ್ಟೇ ದೊಡ್ಡ ಹುದ್ದೆ ಸಿಕ್ಕಿತ್ತು. ಅತ್ತೆ ಹೇಗಿದ್ದಾರೆ ಎಂದು ಎರಡು ಸಲ ಕೇಳಿದಳು. ನಂತರ ವಿಷಯಕ್ಕೆ ಬಂದಳು.

"ನೋಡು ವೀಣಾ, ಏನರ ಇದ್ರ ಈಗಲೇ ಹೇಳು. ನಾವು ಇಬ್ಬರೂ ದಿನಾ ಆಫೀಸಿಗೆ ಹೋಗೂವರು. ತಮ್ಮಷ್ಟಕ್ಕ ತಾವು ಇರಲಿಕ್ಕೆ ಆಗೂದಿಲ್ಲಾಂದ್ರ, ಈ ಸಲ ನಿನ್ನ ಕಡೇನೇ ಇರಲಿ. ನೀನು ಅರ್ಧ ದಿನ ಮನಿಯಾಗೇ ಇರ್ತಿಯಲ್ಲ."

ಕಣ್ಣಿನ ವಿಷಯ ಬಾಯಿಬಿಟ್ಟರೆ ನಾಲ್ಕು ತಿಂಗಳು ಎಂಟಾಗುತ್ತದೆ, ಎಂಟು ಹನ್ನೆರಡಾಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಹಾಗೆ ತಲೆ ತಗ್ಗಿಸಿದೆ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ ಸುಧಕ್ಕ, ಏಳು ಮಫ್ಲರು ಹೆಣೀತಾ ಇದ್ದಾರೆ, ನೀವೇ ನೋಡ್ತೀರಲ್ಲ ಎಂದೆ. ಫೋನ್ ಇಟ್ಟ ಮೇಲೆ ನಾನು ಹೇಳಿದ ಮಾತಿನ ಭಾರ ತಿಳಿಯಿತು. ಸುಧಕ್ಕ ಅತ್ತೆಯ ಕೈಯಲ್ಲೇ ಹೆಣಿಗೆ ಕಲಿತವಳು. ಈ ಜಾರಿದ ಕುಣಿಕೆಗಳನ್ನು ನೋಡಿದರೆ ಒಂದೇ ನಿಮಿಷದಲ್ಲಿ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಏಳು ಮಫ್ಲರಿನಲ್ಲಿ ಒಂದು ತಪ್ಪೂ ಇರುವ ಹಾಗಿರಲಿಲ್ಲ.

ಹಾಗೆ ಶುರುವಾಯಿತು ನನ್ನ ಮಧ್ಯಾಹ್ನದ ಕೆಲಸ. ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ ಅತ್ತೆ ಮಲಗುತ್ತಿದ್ದರು. ನಾನು ಅವರ ಹೆಣಿಗೆಯ ಚೀಲ ಎತ್ತಿಕೊಂಡು ಲಾಂಡ್ರಿ ರೂಮಿಗೆ ಹೋಗಿ, ಡ್ರೈಯರಿನ ಮೇಲೆ ಮಫ್ಲರು ಹರಡಿ, ಕ್ರೋಶಾ ಕಡ್ಡಿಯಿಂದ ಜಾರಿದ ಕುಣಿಕೆಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲಕ್ಕೆ ತರುತ್ತಿದ್ದೆ. ಕೆಲವು ಕಡೆ ಅದು ಸಾಲುತ್ತಿರಲಿಲ್ಲ. ಹತ್ತು ಹನ್ನೆರಡು ಸಾಲು ಬಿಚ್ಚಿ ಮತ್ತೆ ಹೆಣೆಯಬೇಕಿತ್ತು. ಅವರದು ಸಡಿಲವಾದ, ಒಂದೇ ಸಮನಾದ ಕೈ. ನನ್ನ ಕೈ ಹಾಗೆ ಬರಲಿ ಎಂದು ದಪ್ಪ ಕಡ್ಡಿ ಹಿಡಿದೆ, ಉಸಿರು ಬಿಗಿಹಿಡಿಯದೆ ಹೆಣೆದೆ, ಹಾಡು ಗುನುಗಿದೆ. ಆದರೂ ನಾನು ಹೆಣೆದ ಜಾಗ ಸ್ವಲ್ಪ ಒಳಕ್ಕೆ ಸರಿದೇ ಇರುತ್ತಿತ್ತು. ನಾಲ್ಕಕ್ಕೆ ಮುಂಚೆ ಚೀಲವನ್ನು ಇದ್ದಲ್ಲೇ ಇಟ್ಟು ಚಹಾಕ್ಕೆ ನೀರಿಡುತ್ತಿದ್ದೆ.

ಇದರಲ್ಲಿ ಪ್ರೀತಿ ಒಂದು ಎಳೆಯಷ್ಟೂ ಇರಲಿಲ್ಲ. ಮಾರಬೇಕಾದ ಹಳೆಯ ಕಾರಿನ ಗೀರಿಗೆ ಬಣ್ಣ ಬಳಿಯುವವರ ಕೆಲಸ ಅದು. ಪ್ರತಿ ಕುಣಿಕೆ ಎತ್ತುವಾಗಲೂ ನನ್ನ ತಲೆಯಲ್ಲಿದ್ದದ್ದು ನವೆಂಬರಿನ ಖಾಲಿ ಕೋಣೆ, ಬೇಕಾದಷ್ಟು ಎಸಿ, ನನ್ನ ನೀರುಸಾರು. ಅತ್ತೆ ಹೆಣೆಯುವ ವೇಗ ಕಡಿಮೆಯಾಗಲಿಲ್ಲ, ತಪ್ಪು ಮಾಡುವ ವೇಗ ಹೆಚ್ಚಾಯಿತು. ಅಕ್ಟೋಬರಿನ ಹೊತ್ತಿಗೆ ಅವರು ಬೆಳಿಗ್ಗೆ ಎರಡು ಗೇಣು ಹೆಣೆದರೆ ನಾನು ಮಧ್ಯಾಹ್ನ ಒಂದು ಗೇಣು ಬಿಚ್ಚುತ್ತಿದ್ದೆ. ಒಂದು ದಿನ ಚಹಾ ಲೋಟಕ್ಕೆ ಕೈ ಚಾಚುತ್ತಾ, ನೀ ಮಧ್ಯಾಹ್ನ ಒಂದು ಗಳಿಗಿ ಅಡ್ಡಾಗೂದಿಲ್ಲೇನು ಎಂದು ಕೇಳಿದರು. ಬಟ್ಟೆ ಮಡಚುವುದಿತ್ತು ಎಂದೆ. ಹೂಂ ಎಂದರು, ಅಷ್ಟೆ.

ಅಕ್ಟೋಬರಿನ ಮೂರನೆಯ ವಾರ ಉತ್ತರದ ಗಾಳಿ ಬಂತು. ಇಲ್ಲಿ ಚಳಿ ಮೆಲ್ಲಗೆ ಬರುವುದಿಲ್ಲ, ಬಾಗಿಲು ಒದ್ದು ಬರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಎಂಬತ್ತೆಂಟು ಡಿಗ್ರಿ ಇದ್ದದ್ದು ಮೂರಕ್ಕೆ ಐವತ್ತೊಂದು. ಹಿತ್ತಲಿನ ಪೆಕಾನ್ ಮರದ ಕಾಯಿಗಳು ಶೆಡ್ಡಿನ ತಗಡಿನ ಮೇಲೆ ಕಲ್ಲಿನಂತೆ ಬೀಳುತ್ತಿದ್ದವು. ಸದ್ದಿಗೆ ಅತ್ತೆಗೆ ಬೇಗ ಎಚ್ಚರವಾಯಿತು. ನಾನು ಚೀಲವನ್ನು ತಂದಿಡುವ ಹೊತ್ತಿಗೆ ಅವರು ಹಜಾರದಲ್ಲಿ ನಿಂತಿದ್ದರು, ಮುಖ ಒಂದು ಕಡೆಗೆ ತಿರುಗಿಸಿಕೊಂಡು. ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೀಟರ್ ಯಾಕೆ ಹಾಕಿಲ್ಲ, ಮುದುಕಿ ಸಾಯಲಿ ಅಂತಲೋ ಎಂದು ಶುರುಮಾಡಿದರು. ನಾನೂ ಸುಮ್ಮನಿರಲಿಲ್ಲ. ಒಂದೂವರೆ ತಿಂಗಳಿನಿಂದ ಡ್ರೈಯರಿನ ಮೇಲೆ ಬಗ್ಗಿ ಬಗ್ಗಿ ನನ್ನ ಬೆನ್ನು ಮುರಿದಿತ್ತು.

"ಇನ್ನು ಹತ್ತೇ ದಿನ ಅತ್ತೆ. ಆಮೇಲೆ ನಿಮ್ಮ ಸುಧಾ ಮನೇಲಿ ನಿಮಗೆ ಬೇಕಾದಷ್ಟು ಬೆಚ್ಚಗಿರಿ."

"ದಿನಾ ಎಣಸ್ತಿ ಏನು?"

"ಎಣಿಸ್ತೀನಿ."

ಹೀಗೆ ಮುಖಕ್ಕೆ ಹೊಡೆದ ಹಾಗೆ ಅವರಿಗೆ ಹೇಳಿದ್ದು ಅದೇ ಮೊದಲು. ಅವರು ತಡಕಿ ಕುರ್ಚಿ ಹಿಡಿದು ಕೂತರು, ಮಫ್ಲರು ತೊಡೆಯ ಮೇಲೆ ಎಳೆದುಕೊಂಡರು. ತುಂಬ ಹೊತ್ತು ಅದರ ಮೇಲೆ ಬೆರಳಾಡಿಸುತ್ತಾ ಇದ್ದರು, ಹೆಣೆಯಲಿಲ್ಲ. ನಾನು ಹೀಟರ್ ಹಾಕಿದೆ. ವರ್ಷದ ಮೊದಲ ಸಲ ಹಾಕಿದಾಗ ಬರುವ ಸುಟ್ಟ ಧೂಳಿನ ವಾಸನೆ ಮನೆ ತುಂಬಿತು.

ದೀಪಾವಳಿಯ ಹಿಂದಿನ ದಿನ ಆಸ್ಟಿನ್ನಿಗೆ ಹೊರಟೆವು. ಏಳೂ ಮಫ್ಲರು ಮುಗಿದಿದ್ದವು. ಕೊನೆಯ ಎರಡರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಕೈ. ಗಿರೀಶನ ಅಪಾರ್ಟ್‌ಮೆಂಟು ದ ಡೊಮೇನ್ ಎಂಬ ಅಂಗಡಿ ಬಡಾವಣೆಯ ಹತ್ತಿರ. ಬಾಲ್ಕನಿಯಿಂದ ನೋಡಿದರೆ ಕೆಳಗಿನ ಅಂಗಡಿಸಾಲಿನ ದೀಪ. ಮರುದಿನ ಎಣ್ಣೆನೀರು, ಪೂಜೆ ಮುಗಿದ ಮೇಲೆ ಅತ್ತೆ ಸೋಫಾದಲ್ಲಿ ಕೂತು ಮಫ್ಲರಿನ ಕಟ್ಟು ಬಿಚ್ಚಿಸಿದರು. ಹೊಸ ಬಟ್ಟೆಗೆ ಮೂಲೆಯಲ್ಲಿ ಅರಿಶಿನ ಹಚ್ಚಿ ಕೊಡುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಅರಿಶಿನದ ಬಟ್ಟಲಿಗೆ ಬೆರಳದ್ದಿ ಮೊದಲ ಮಫ್ಲರು ಕೈಗೆತ್ತಿಕೊಂಡರು. ಮೂಲೆ ಹುಡುಕಲಿಲ್ಲ. ಎರಡೂ ಹೆಬ್ಬೆರಳಿನಿಂದ ಅಂಚನ್ನು ಹಿಡಿದು ಉದ್ದಕ್ಕೂ ಜಾರಿಸುತ್ತಾ ಬಂದು ಒಂದು ಕಡೆ ನಿಂತರು, ಅಲ್ಲಿ ಒತ್ತಿದರು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ ಹಾಗೇ.

ಅವರು ಅರಿಶಿನ ಒತ್ತಿದ್ದು ನಾನು ಬಿಚ್ಚಿ ಹೆಣೆದ ಜಾಗಕ್ಕೆ. ಪ್ರತಿಯೊಂದರಲ್ಲೂ, ಒಂದನ್ನೂ ತಪ್ಪದೆ. ಕಣ್ಣಿಗೆ ಕಾಣದ್ದನ್ನು ಬೆರಳು ಎಂದೋ ಓದಿ ಮುಗಿಸಿತ್ತು. ಈಗ ಹೇಳಿಬಿಡುತ್ತಾರೆ, ಎಲ್ಲರೆದುರಿಗೆ ಎಳೆಯ ತುದಿ ಹಿಡಿದು ಸರ್ರನೆ ಬಿಚ್ಚುತ್ತಾರೆ ಎಂದುಕೊಂಡೆ.

ಸುಧಕ್ಕ ತನ್ನ ಮಫ್ಲರನ್ನು ತಿರುಗಿಸಿ ನೋಡಿದಳು. ಇದೇನತ್ತೆ, ಮೂಲಿ ಬಿಟ್ಟು ನಡುವ ಹಚ್ಚೀರಿ ಎಂದು ಕೇಳಿದಳು. ಅವಳ ಹುಬ್ಬು ಮೇಲೇರಿದ್ದು ನನಗೆ ಕಂಡಿತು.

"ಮೂಲೀಗೆ ಹಚ್ಚೂದು ಅಂಗಡಿ ಅರಿವಿಗೆ" ಎಂದರು ಅತ್ತೆ. "ಕೈಲೆ ಹೆಣದದ್ದಕ್ಕ ನಡುವ ಹಚ್ಚಬೇಕು. ಇಷ್ಟು ವರ್ಷ ಕಲಿಸೀನಿ, ಅದೂ ಗೊತ್ತಿಲ್ಲೇನು ನಿನಗ?"

ಅಂಥ ಪದ್ಧತಿ ಧಾರವಾಡದಲ್ಲೂ ಇಲ್ಲ, ಎಲ್ಲೂ ಇಲ್ಲ. ಆದರೆ ಅವರ ದನಿ ಕ್ಲಾಸಿನ ದನಿ. ಸುಧಕ್ಕ ಮಫ್ಲರು ಕತ್ತಿಗೆ ಸುತ್ತಿಕೊಂಡಳು. ಅತ್ತೆ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದು ಕೊಟ್ಟರು: ಸುಧಕ್ಕ, ಭಾವ, ಅವರ ಮಗ, ಗಿರೀಶ, ಅವನ ಹೆಂಡತಿ, ಶ್ರೀಧರ, ಅನಘಾ. ಏಳೂ ಮುಗಿದವು. ನನಗೆ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಏಳು ಎಂದಾಗಲೇ ಲೆಕ್ಕ ಹಾಕಿ ನೋಡಬೇಕಿತ್ತು. ಉಣ್ಣೆ ತಂದವಳು ನಾನು, ಏಳರಲ್ಲೂ ಬೆರಳು ಸವೆಸಿದವಳು ನಾನು. ಆ ಸಂಜೆ ಎಲ್ಲರೂ ಮಫ್ಲರು ಹಾಕಿಕೊಂಡು ತೆಗೆಸಿಕೊಂಡ ಫೋಟೋದಲ್ಲಿ ನನ್ನ ಕತ್ತು ಮಾತ್ರ ಖಾಲಿ ಇದೆ.

ಮರುದಿನ ಪಾರ್ಕಿಂಗಿನಲ್ಲಿ ಅತ್ತೆಯ ಪೆಟ್ಟಿಗೆಗಳನ್ನು ಸುಧಕ್ಕನ ಕಾರಿಗೆ ಏರಿಸಿದೆವು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ತಲೆ ಮುಟ್ಟಲು ಕೈ ಚಾಚಿ, ನನ್ನ ಕಿವಿ ಮುಟ್ಟಿ, ಅಲ್ಲಿಂದ ತಲೆ ಹುಡುಕಿದರು. ಎಲ್ಲರೂ ನಮ್ಮ ಸುತ್ತಲೇ ಇದ್ದರು, ಯಾರೂ ನೋಡಲಿಲ್ಲ. ನಾನು ನೋಡಿದೆ. ಆಗಲೂ ಹೇಳಬಹುದಿತ್ತು. ಕಾರಿನ ಬಾಗಿಲು ತೆರೆದೇ ಇತ್ತು. ನಾನು ಬಾಗಿಲು ಹಾಕಿದೆ. ಡಲ್ಲಾಸಿಗೆ ಹಿಂತಿರುಗುವ ದಾರಿಯುದ್ದಕ್ಕೂ ಎಷ್ಟು ಹಗುರವಾಗಿದ್ದೆ ಎಂದರೆ, ಶ್ರೀಧರ ಎರಡು ಸಲ ಏನಾಯಿತು ಎಂದು ಕೇಳಿದ.

ಡಿಸೆಂಬರಿನ ಎರಡನೆಯ ವಾರ ಅವರು ಬಿದ್ದರು. ಸುಧಕ್ಕನ ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ ಇಳಿಯಲು ಒಂದೇ ಒಂದು ಮೆಟ್ಟಿಲು, ಅದೇ ನೆಲದ ಬಣ್ಣದ್ದು. ಎದುರಿಗೇ ಇದ್ದ ಆ ಮೆಟ್ಟಿಲು ಅವರಿಗೆ ಕಾಣಲಿಲ್ಲ. ಗಂಡ ಹೆಂಡತಿ ಇಬ್ಬರೂ ಆಫೀಸಿನಲ್ಲಿ. ಬೆಳಿಗ್ಗೆ ಬಿದ್ದವರು ಸಂಜೆಯವರೆಗೆ ಅಲ್ಲೇ ಇದ್ದರು. ಸೊಂಟದ ಮೂಳೆ ಮುರಿದಿತ್ತು.

ಶ್ರೀಧರ ಮತ್ತು ನಾನು ಹೂಸ್ಟನ್ನಿಗೆ ಓಡಿದೆವು. ಆಪರೇಷನ್ ಆದ ಮೇಲೆ ಕಣ್ಣಿನ ಡಾಕ್ಟರೂ ಬಂದು ನೋಡಿದರು. ಇದು ಇವತ್ತು ನಿನ್ನೆಯದಲ್ಲ, ಮೂರು ತಿಂಗಳ ಹಿಂದೆ ಕರೆದುಕೊಂಡು ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಇಷ್ಟಕ್ಕೇ ನಿಲ್ಲಿಸಲು ನೋಡಬಹುದಿತ್ತು ಎಂದರು. ಮೂರು ತಿಂಗಳ ಹಿಂದೆ ಎಂದರೆ ಸೆಪ್ಟೆಂಬರ್, ಆ ನೀಲಿ ಕೊಳವೆ. ಸುಧಕ್ಕ ಡಾಕ್ಟರನ್ನು ಕಳಿಸಿ ಬಂದು ಹಾಸಿಗೆಯ ಆ ಕಡೆ ನಿಂತಳು. ಅಳುತ್ತಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು.

"ಮೂರು ತಿಂಗಳ ಹಿಂದ ನಿನ್ನ ಮನಿಯಾಗಿದ್ರು. ಕಣ್ಣು ಕಾಣಸೂದಿಲ್ಲ ಅಂತ ನಿನಗ ಗೊತ್ತಿತ್ತೇನು ವೀಣಾ?"

ಕೋಣೆಯಲ್ಲಿ ಅಣ್ಣತಮ್ಮಂದಿರು ಮೂವರೂ ಇದ್ದರು. ಶ್ರೀಧರ ನನ್ನ ಮುಖ ನೋಡಿದ. ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ, ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಆಕಿಗೆ ಏನ್ ಗೊತ್ತಾಗ್ತದ ಬಿಡು. ಗೊತ್ತಾಗಲಿಕ್ಕೆ ಆಕಿಗೆ ಹೆಣಿಗೀನೇ ಬರೂದಿಲ್ಲ."

ಅಲ್ಲಿಗೆ ಮುಗಿಯಿತು. ಸುಧಕ್ಕನ ಹೆಗಲು ಇಳಿಯಿತು. ಹೌದು, ಹೆಣಿಗೆ ಬಲ್ಲವಳಾಗಿದ್ದರೆ ಹೆಣೆಯುವ ಕೈ ನೋಡಿಯೇ ತಿಳಿಯುತ್ತಿತ್ತು ಎಂದು ಅವಳಿಗೂ ಅನಿಸಿರಬೇಕು. ಇವಳು ತಂತಿ ಜಾಳಿಗೆ ಹೆಣೆದವಳು, ಇವಳಿಗೆಲ್ಲಿಂದ ತಿಳಿಯಬೇಕು. ಎಲ್ಲರಿಗೂ ನೆನಪಿದ್ದ ಆ ಹಳೆಯ ಅವಮಾನವನ್ನೇ ಅವರು ನನ್ನ ಮೇಲೆ ಕಂಬಳಿಯ ಹಾಗೆ ಹೊದಿಸಿದರು. ನನ್ನನ್ನು ಬಿಡಿಸಲು ಬೇರೆ ಯಾವ ಮಾತೂ ಇರಲಿಲ್ಲ. ಇದ್ದರೂ ಅವರು ಇದನ್ನೇ ಆರಿಸುತ್ತಿದ್ದರು ಎಂದು ನನಗೆ ಖಾತ್ರಿ. ಬೇರೆ ಯಾರಾದರೂ ಆಗಿದ್ದರೆ ಕೃತಜ್ಞತೆಯಿಂದ ಅತ್ತುಬಿಡುತ್ತಿದ್ದರೇನೋ. ನನಗೆ ಮೈಯೆಲ್ಲ ಉರಿಯಿತು. ತಿರುಗಿ ಒಂದು ಮಾತಾಡುವ ಹಾಗಿರಲಿಲ್ಲ. ನನಗೆ ಹೆಣಿಗೆ ಬರುತ್ತದೆ ಎಂದರೆ ನನ್ನ ಕುತ್ತಿಗೆಗೆ ನಾನೇ ಕುಣಿಕೆ ಹಾಕಿಕೊಂಡಂತೆ.

ಯಾಕೆ ಹಾಗೆಂದರು ಎಂದು ಕೇಳಲು ಎರಡು ವರ್ಷ ಸಮಯವಿತ್ತು, ಕೇಳಲಿಲ್ಲ. ಅವರು ಮತ್ತೆ ಡಲ್ಲಾಸಿಗೆ ಬರಲಿಲ್ಲ. ಅಷ್ಟು ದೂರ ಕಾರಿನಲ್ಲಿ ಕೂರಲು ಆಗುತ್ತಿರಲಿಲ್ಲ. ಪಾಳಿ ಅಲ್ಲಿಗೇ ನಿಂತಿತು. ಸುಧಕ್ಕ ಆ ದೊಡ್ಡ ಹುದ್ದೆ ಬಿಟ್ಟಳು. ಎರಡು ವರ್ಷ ವಾಕರಿನ ಹಿಂದೆ ನಡೆದಳು, ಸ್ನಾನ ಮಾಡಿಸಿದಳು, ಬೈಗುಳ ತಿಂದಳು. ನಾನು ತಿಂಗಳಿಗೊಮ್ಮೆ ಹಣ್ಣು ಹಿಡಿದು ಹೋಗಿ ಕುರ್ಚಿಯ ತುದಿಯಲ್ಲಿ ಕೂತು ಬರುತ್ತಿದ್ದೆ. ಅತ್ತೆ ಓರೆಗಣ್ಣಿನಲ್ಲಿ ನನ್ನ ಕಡೆ ತಿರುಗಿ, ಸಾರು ಈಗರ ಸುಧಾರಿಸೇದೇನು ಎಂದು ಕೇಳುತ್ತಿದ್ದರು. ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು: ಖಾಲಿ ಕೋಣೆ, ಬೇಕಾದಷ್ಟು ಎಸಿ. ಆ ಗುರುವಾರಗಳಿಗೆ ಮಾತ್ರ ಮತ್ತೆ ಹೋಗಲಾಗಲಿಲ್ಲ. ಕಡ್ಡಿ ಹಿಡಿದರೆ ಕೈ ಸೆಟೆದುಕೊಳ್ಳುತ್ತಿತ್ತು.

ಈಗ ಮತ್ತೆ ಅಕ್ಟೋಬರ್. ಮೇಜಿನ ಮೇಲೆ ಮೂರು ಮಫ್ಲರು, ನಡುವಿನಲ್ಲಿ ಅರಿಶಿನ. ಕಲೆ ಹೋಗಲಿಲ್ಲ ಎಂದು ಬರೆದಿದ್ದಾಳೆ. ಹೋಗುವುದಿಲ್ಲ, ಉಣ್ಣೆಗೆ ಹಿಡಿದ ಅರಿಶಿನ ಎಳೆ ಇರುವವರೆಗೂ ಇರುತ್ತದೆ. ಅದು ಗೊತ್ತಿದ್ದೇ ಹಚ್ಚಿದ್ದರೋ ಏನೋ. ಹೊಗಳಿಕೆಗೆ ಹಚ್ಚಿದರೋ, ಸಾಕ್ಷಿಗೆ ಹಚ್ಚಿದರೋ, ನಿನ್ನ ಗುಟ್ಟು ನನ್ನ ಬೆರಳಲ್ಲಿದೆ ಎಂದು ಹೆದರಿಸಲು ಹಚ್ಚಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಫ್ಲರುಗಳನ್ನು ಬಿಚ್ಚಿಹಾಕೋಣ ಎಂದು ಒಂದರ ತುದಿ ಹಿಡಿದು ಎಳೆದೆ. ಅವರ ಸಾಲುಗಳು ಸಲೀಸಾಗಿ ಬಿಚ್ಚಿಕೊಂಡು ಬಂದವು. ಹಳದಿ ಕಲೆಯ ಹತ್ತಿರ ಬಂದಾಗ ಎಳೆ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಬರಲಿಲ್ಲ.

ಫೋನ್ ತೆಗೆದುಕೊಂಡೆ. ಸುಧಕ್ಕ ಎತ್ತಿದಳು, ಹಿಂದೆ ಪೆಟ್ಟಿಗೆಗೆ ಟೇಪು ಹಚ್ಚುವ ಸದ್ದು. ಡಬ್ಬಿ ಮುಟ್ಟಿತಾ ಎಂದು ಕ್ಷೇಮಸಮಾಚಾರವಿಲ್ಲದೆ ಕೇಳಿದಳು. ಮುಟ್ಟಿತು ಎಂದೆ. ಮತ್ತೇನು ಎಂದಳು.

"ನನಗೆ ಹೆಣಿಗೆ ಬರ್ತಿತ್ತು, ಸುಧಕ್ಕ."

ಟೇಪಿನ ಸದ್ದು ನಿಂತಿತು. ಅವಳು ಹಾಸಿಗೆಯ ಆ ಕಡೆ ನಿಂತಿದ್ದವಳು, ಅತ್ತೆಯ ಮಾತು ಕೇಳಿದವಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಫೋನ್ ಇಟ್ಟಳು.